ಸುಳಿ ನೋಡಿ ಕೊಳ್ಳೋ ಕಾಲ ಹೋಯ್ತಾ?

ಇವತ್ತು ರಾಜಕೀಯಕ್ಕೆ ರಜೆ. ಯಾರು ಯಾರಿಗೆ ಬೈದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನ ನಾಳೆ ನೋಡೋಣ. ಅದು ಎಲ್ಲಿಗೂ ಓಡಿಹೋಗಲ್ಲ. ಇವತ್ತು ಒಂದು ಹುಳು, ಒಂದು ಹಸು, ಒಂದು ಕುದುರೆ, ಈ ಮೂರರ ಬಗ್ಗೆ ಮಾತಾಡ್ತೀನಿ. ಮೂರೂ ನಮ್ಮ ತುಮಕೂರು ಜಿಲ್ಲೆಯವೇ.

ಶಿವರಾತ್ರಿ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ನೋಡಿದ್ದೀರಲ್ವಾ? ಹಳ್ಳಿಕಾರ್ ಜೋಡಿ ಕೊಳ್ಳೋಕೆ ಬಂದ ರೈತ ಏನು ಮಾಡ್ತಾನೆ? ಬಾಯಿ ತೆರೆಸಿ ಹಲ್ಲು ಎಣಿಸ್ತಾನೆ. ಮೈಮೇಲೆ ಸುಳಿ ಎಲ್ಲೆಲ್ಲಿದೆ ಅಂತ ಹುಡುಕ್ತಾನೆ. ಕೊಂಬು, ಗೊರಸು, ಹಿಣಿಲು, ಬಾಲ ಎಲ್ಲಾ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ನೂರಾರು ವರ್ಷ ನಮ್ಮ ತಳಿಗಳನ್ನ ಕಾಪಾಡಿದ್ದು ಆ ಕಣ್ಣು. ಅದಕ್ಕೆ ಡಿಗ್ರಿ ಇರಲಿಲ್ಲ, ಅನುಭವ ಇತ್ತು.

ಈಗ ಬರ್ತಾ ಇರೋ ಪ್ರಾಣಿಗಳಲ್ಲಿ ಬದಲಾವಣೆ ಆಗೋದು ಮೈಮೇಲಲ್ಲ, ಜೀವಕೋಶದ ಒಳಗೆ. ಅಲ್ಲಿ ಯಾವ ಸುಳಿಯೂ ಕಾಣಲ್ಲ. ಇವತ್ತಿನ ನನ್ನ ಮಾತೆಲ್ಲ ಇದೊಂದೇ ಸಂಗತಿಯ ಸುತ್ತ. ರೈತನ ಕಣ್ಣಿಗೆ ಕಾಣದ ಗುಣವನ್ನ ನಾಳೆ ಯಾರು ನೋಡಬೇಕು? ಅವನ ಪರವಾಗಿ ಯಾರು ನೋಡಬೇಕು?

ಮೊದಲು ಹುಳು. ಕುಣಿಗಲ್, ಹೆಬ್ಬೂರು, ಸೋಲೂರು, ಮಾಗಡಿ. ಈ ಪಟ್ಟಿಯನ್ನ ಹೆದ್ದಾರಿಯಲ್ಲಿ ಹೋಗುವಾಗ ಕಾರಿನ ಕಿಟಕಿಯಿಂದ ನೋಡಿರ್ತೀರಿ. ಇಲ್ಲಿನ ರೈತರು ಬರೀ ರೇಷ್ಮೆ ಬೆಳೆಯಲ್ಲ, ರೇಷ್ಮೆಯ ಬಿತ್ತನೆ ಬೆಳೆಯುತ್ತಾರೆ. ಮೈಸೂರು ತಳಿ ಅಂತ ನಮ್ಮದೇ ಒಂದು ಹುಳು ಇದೆ. ಹಸಿರು ಬೆರೆತ ಹಳದಿ ಬಣ್ಣದ ಸಣ್ಣ ಗೂಡು. ನೂಲು ಕಮ್ಮಿ, ಆದರೆ ನಮ್ಮ ಬಿಸಿಲು, ನಮ್ಮ ಸೊಪ್ಪು, ನಮ್ಮ ಹುಳುಮನೆಗೆ ಒಗ್ಗಿದ ಗಟ್ಟಿ ಜೀವ. ಅದರ ಹೆಣ್ಣಿಗೆ ಬಿಳಿಗೂಡಿನ ದ್ವಿತಳಿ ಗಂಡನ್ನ ಸೇರಿಸಿದರೆ ಮಿಶ್ರತಳಿ ಹುಟ್ಟುತ್ತದೆ. ರೈತರು ಸಾಕಿ, ಗೂಡಿನ ಮಾರುಕಟ್ಟೆಗೆ ಹೊತ್ತು ತರೋದರಲ್ಲಿ ದೊಡ್ಡ ಪಾಲು ಆ ಮಿಶ್ರತಳಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಗಾದೆ ಇದೆಯಲ್ಲ, ಆ ತಾಯಿಯ ಮನೆ ಇದೇ ಕುಣಿಗಲ್-ಹೆಬ್ಬೂರು ಸೀಮೆ. ಇಲ್ಲಿ ಬಿತ್ತನೆ ಕೆಟ್ಟರೆ ಕೆಡೋದು ಕುಣಿಗಲ್ಲಿನ ಗೂಡು ಮಾತ್ರ ಅಲ್ಲ. ಅದಕ್ಕೇ 1959ರಲ್ಲೇ ನಮ್ಮ ರಾಜ್ಯದಲ್ಲಿ ರೇಷ್ಮೆ ಬಿತ್ತನೆಗೆ ಅಂತಲೇ ಕಾಯ್ದೆ ಬಂತು.

ಈಗ ರೈತನ ಸಂಕಟ ಕೇಳಿ. 100 ಮೊಟ್ಟೆ ತಂದರೆ ಹೆಚ್ಚುಕಮ್ಮಿ 40-50 ಸಾವಿರ ಹುಳು. ಚಾಕಿಯಿಂದ ಶುರು ಮಾಡಿ ನಾಲ್ಕು ಜ್ವರ ದಾಟಿಸಬೇಕು. ಹಗಲು ರಾತ್ರಿ ಸೊಪ್ಪು ಹಾಕಬೇಕು. ಮನೆಯ ಹೆಂಗಸರಿಗೆ ಆ 25 ದಿನ ನಿದ್ದೆ ಇರಲ್ಲ. ಕೊನೆ ಜ್ವರ ಎದ್ದು, ಹುಳು ಹಣ್ಣಾಗಿ, ಇನ್ನೇನು ಚಂದ್ರಂಕಿಗೆ ಬಿಡಬೇಕು ಅನ್ನುವಾಗ ಹಾಲುತೊಂಡೆ ರೋಗ ಬರುತ್ತೆ. ಹುಳು ಊದಿಕೊಳ್ಳುತ್ತೆ, ಮೇವು ಬಿಡುತ್ತೆ, ಚರ್ಮ ಒಡೆದು ಹಾಲಿನಂಥ ನೀರು ಸೋರುತ್ತೆ. ಆ ನೀರು ಬಿದ್ದ ಸೊಪ್ಪು ತಿಂದ ಪಕ್ಕದ ಹುಳುವಿಗೂ ರೋಗ. ಇದು ವೈರಸ್ಸಿನಿಂದ ಬರೋದು. ಬರದ ಹಾಗೆ ಸುಣ್ಣ, ಬ್ಲೀಚಿಂಗ್, ವಿಜೇತ ಪುಡಿ ಹಾಕಿ ಕಾಯಬಹುದು. ಬಂದ ಮೇಲೆ ಔಷಧಿ ಇಲ್ಲ. ಮೂರು ವಾರದ ಸೊಪ್ಪು, ಕೂಲಿ, ಸಾಲ ಎಲ್ಲಾ ತಿಪ್ಪೆಗೆ.

ಈ ರೋಗಕ್ಕೆ ಒಬ್ಬ ಕನ್ನಡಿಗ ಉತ್ತರ ಹುಡುಕಿದರು. ಡಾಕ್ಟರ್ ಜೆ. ನಾಗರಾಜು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು, ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ರೇಷ್ಮೆ ಹುಳುವಿನ ತಳಿವಿಜ್ಞಾನಕ್ಕೆ ಹೆಸರಾದವರು. ಅವರ ತಂಡ ಹುಳುವಿನ ವಂಶವಾಹಿಯ ಒಳಗೇ ಒಂದು ಹೊಸ ತುಣುಕು ಸೇರಿಸಿತು. ಅದರ ಕೆಲಸ ಏನು ಗೊತ್ತಾ? ವೈರಸ್ ಬದುಕಬೇಕಾದರೆ ಅದಕ್ಕೆ ಬೇಕೇ ಬೇಕಾದ ಕೆಲವು ಜೀನ್‌ಗಳಿವೆ. ಅಂಥ ನಾಲ್ಕು ಜೀನ್‌ಗಳಿಂದ ಹೊರಡೋ ಸಂದೇಶವನ್ನ ದಾರಿಯಲ್ಲೇ ಹರಿದುಹಾಕೋದು. ಪೋಸ್ಟ್‌ಮ್ಯಾನ್ ಬರ್ತಾನೆ, ಕಾಗದ ತಲುಪಲ್ಲ. ವೈರಸ್ ಹುಳುವಿನ ಒಳಗೆ ಹೊಕ್ಕರೂ ಬೆಳೆಯೋಕೆ ಒದ್ದಾಡುತ್ತೆ. ಒಂದು ತಳಿಯಲ್ಲಿ ಮಾಡಿದ ಈ ಗುಣವನ್ನ ಮರಿಯಿಂದ ಮರಿಗೆ ದಾಟಿಸಿ, ಹೆಚ್ಚು ನೂಲು ಕೊಡೋ ದ್ವಿತಳಿಗೂ ತಂದರು. ನಾಗರಾಜು 2012ರ ಕೊನೆಯಲ್ಲಿ ತೀರಿಕೊಂಡರು. ಆ ಸಂಶೋಧನೆ 2013ರಲ್ಲಿ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಈ ಹುಳುಗಳನ್ನ ರೇಷ್ಮೆ ಸಂಶೋಧನಾ ಸಂಸ್ಥೆಗಳ ಒಳಗೆ, ಮುಚ್ಚಿದ ಕೋಣೆಗಳಲ್ಲಿ ಸಾಕಿ ಪರೀಕ್ಷೆ ಮಾಡಿದ್ದಾರೆ. ರೈತನ ಹುಳುಮನೆಗೆ ಅದು ಬಂದಿಲ್ಲ.

ಇದನ್ನೇ ಕುಲಾಂತರಿ ಪ್ರಾಣಿ ಅನ್ನೋದು. ಹೆಸರು ಕೇಳಿದ ಕೂಡಲೇ ಎರಡು ತಲೆ, ಆರು ಕಾಲಿನ ರಾಕ್ಷಸ ಕಣ್ಣ ಮುಂದೆ ಬರುತ್ತೆ. ನಮ್ಮ ಚಾನೆಲ್‌ಗಳ ಗ್ರಾಫಿಕ್ಸ್‌ನವರೂ ಅದನ್ನೇ ತೋರಿಸ್ತಾರೆ ಬಿಡಿ. ಆದರೆ ಈ ಹುಳು ನೋಡೋಕೆ ಥೇಟ್ ಹುಳುವಿನ ಹಾಗೇ ಇರುತ್ತೆ. ಅದೇ ಅದರ ಒಳ್ಳೆಯತನ. ಯೋಚನೆ ಮಾಡಬೇಕಾದ್ದೂ ಅದೇ.

ಉಪಯೋಗ ಇಲ್ಲ ಅಂತ ನಾನು ಹೇಳಲ್ಲ. ಹೇಳಿದರೆ ಸುಳ್ಳಾಗುತ್ತೆ. ಮೇಕೆಯ ಹಾಲಿನಿಂದ ತೆಗೆದ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿಗೆ 2009ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆ ಮೇಕೆಗಳಲ್ಲಿ ಮನುಷ್ಯನ ಜೀನ್ ಇತ್ತು. 2022ರ ಜನವರಿಯಲ್ಲಿ ಹತ್ತು ಜೀನ್ ಬದಲಿಸಿದ ಹಂದಿಯ ಹೃದಯವನ್ನ ಅಮೆರಿಕದಲ್ಲಿ ಒಬ್ಬ ರೋಗಿಗೆ ಕಸಿ ಮಾಡಿದರು. ಆತ ಸುಮಾರು ಎರಡು ತಿಂಗಳು ಬದುಕಿದ. ಎರಡೇ ತಿಂಗಳಾ ಅಂತ ಮೂಗು ಮುರೀಬೇಡಿ. ಕಿಡ್ನಿಗೋಸ್ಕರ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ತಾ ಇರೋ ಮನೆಯವರನ್ನ ಕೇಳಿ, ಅವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ. ಜಪಾನಿನಲ್ಲಿ ಹಸಿರಾಗಿ ಹೊಳೆಯೋ ನೂಲು ಕೊಡುವ ಕುಲಾಂತರಿ ರೇಷ್ಮೆ ಹುಳುವನ್ನ ರೈತರೇ ಸಾಕಿದ್ದಾರೆ. ಅಮೆರಿಕದ ಒಂದು ಕಂಪನಿ ರೇಷ್ಮೆ ಹುಳುವಿನೊಳಗೆ ಜೇಡದ ಜೀನ್ ಇಟ್ಟು, ಉಕ್ಕಿಗೆ ಸವಾಲು ಹಾಕೋ ನೂಲು ತೆಗೆಯೋಕೆ ಹೊರಟಿದೆ.

ನಮ್ಮ ದೇಶ ಏನೂ ಹಿಂದೆ ಬಿದ್ದಿಲ್ಲ. 2025ರ ಮೇ ತಿಂಗಳಲ್ಲಿ ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ ಭಾರತದ ಮೊದಲ ಜೀನ್ ತಿದ್ದಿದ ಕುರಿಮರಿಯನ್ನ ಲೋಕಕ್ಕೆ ತೋರಿಸಿತು. ಸ್ನಾಯು ಎಷ್ಟು ಬೆಳೆಯಬೇಕು ಅಂತ ಕಡಿವಾಣ ಹಾಕುವ ಮಯೋಸ್ಟಾಟಿನ್ ಅನ್ನೋ ಜೀನ್ ಇದೆ. ಆ ಕಡಿವಾಣ ಸಡಿಲ ಮಾಡಿದರು. ಮಾಂಸ ಹೆಚ್ಚು. ಇದರಲ್ಲಿ ಹೊರಗಿನ ಜೀನ್ ಸೇರಿಸಿಲ್ಲ, ಇದ್ದದ್ದನ್ನೇ ತಿದ್ದಿದ್ದಾರೆ. ಕುಲಾಂತರಿಗೂ ತಿದ್ದುಪಡಿಗೂ ಇರೋ ವ್ಯತ್ಯಾಸ ಇಷ್ಟು. ಹೊರಗಿನ ಸಾಲು ತಂದು ಪುಸ್ತಕಕ್ಕೆ ಅಂಟಿಸಿದರೆ ಕುಲಾಂತರಿ, ಪುಸ್ತಕದಲ್ಲೇ ಇದ್ದ ಒಂದು ಅಕ್ಷರ ಅಳಿಸಿದರೆ ತಿದ್ದುಪಡಿ. ನಮ್ಮ ಶಿರಾ, ಪಾವಗಡದ ಕುರಿ ಸಾಕುವವರ ಮನೆ ಬಾಗಿಲಿಗೆ ಇಂಥ ಮರಿ ಬರೋ ದಿನ ತುಂಬಾ ದೂರ ಇಲ್ಲ ಅನ್ನಿಸುತ್ತೆ.

ಈಗ ಗುಬ್ಬಿಗೆ ಬನ್ನಿ, ಹಸುವಿನ ವಿಷಯ ಇದೆ. ಗುಬ್ಬಿ ಕಡೆ ತೆಂಗಿನ ತೋಟದ ಪಕ್ಕದ ಕೊಟ್ಟಿಗೆಯಲ್ಲಿ ಸೀಮೆಹಸು ಕಟ್ಟಿರ್ತಾರೆ. ಡೇರಿಗೆ ಹಾಲು ಹಾಕಿ ಮಕ್ಕಳ ಫೀಸು ಕಟ್ಟೋರು ಎಷ್ಟೋ ಜನ. ಏಪ್ರಿಲ್ ಬಿಸಿಲಿಗೆ ಆ ಹಸು ನಾಲಿಗೆ ಚಾಚಿ ಏದುಸಿರು ಬಿಡುತ್ತೆ, ಹಾಲು ಇಳಿಯುತ್ತೆ. ಅಮೆರಿಕದಲ್ಲಿ ಇದಕ್ಕೂ ಪರಿಹಾರ ಹುಡುಕಿದ್ದಾರೆ. ಜೀನ್ ತಿದ್ದಿ, ನುಣುಪಾದ ಗಿಡ್ಡ ಕೂದಲಿನ, ಬಿಸಿಲು ತಡೆಯೋ ದನ ಮಾಡಿದ್ದಾರೆ. ಇದರಿಂದ ಅಪಾಯ ಕಮ್ಮಿ ಅಂತ 2022ರಲ್ಲಿ ಅಲ್ಲಿನ ಎಫ್‌ಡಿಎ ತೀರ್ಮಾನ ಕೊಟ್ಟಿದೆ.

ಒಳ್ಳೆಯದೇ. ಆದರೆ ಬಿಸಿಲು ತಡೆಯೋ ದನ ನಮಗೆ ಹೊಸದಾ ಸ್ವಾಮಿ? ಹಳ್ಳಿಕಾರ್ ಏನು, ಅಮೃತ್ ಮಹಲ್ ಏನು? ಮೈಸೂರು ಅರಸರ ಸೈನ್ಯದ ತೋಪು ಎಳೆದ ದನ ಅವು. ಅವುಗಳಿಗೆ ಅಂತ ಕಾವಲುಗಳಿದ್ದವು. ಕಾವಲು ಅಂದರೆ ದನ ಮೇಯೋಕೆ ಕಾದಿಟ್ಟ ಹುಲ್ಲುಗಾವಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ದೇಶಕ್ಕೆ ಹೆಮ್ಮೆ, ಜಿಲ್ಲೆಗೆ ಕೆಲಸ, ನನ್ನ ತಕರಾರಿಲ್ಲ. ಊರಿನ ಹೆಸರಲ್ಲಿ ಕಾವಲು ಉಳಿದಿದೆ ಅಂತ ಮಾತ್ರ ಹೇಳ್ತಿದ್ದೀನಿ. ಹುಲ್ಲುಗಾವಲು ಹೋಯ್ತು, ನಾಟಿ ತಳಿ ಕಮ್ಮಿ ಆಯ್ತು. ನಾಳೆ ಬಿಸಿಲು ತಡೆಯೋ ಗುಣವನ್ನ ಅಮೆರಿಕದ ಕಂಪನಿಯಿಂದ ದುಡ್ಡು ಕೊಟ್ಟು ಕೊಳ್ಳೋ ಸ್ಥಿತಿ ಬಂದರೆ, ಅದಕ್ಕೆ ವಿಜ್ಞಾನವನ್ನ ಬೈದು ಪ್ರಯೋಜನ ಇಲ್ಲ.

ಇನ್ನು ಆ 'ಕಾಣದ ಗುಣ'ದ ಮಾತು. ಅಮೆರಿಕದಲ್ಲಿ ಒಂದು ಕಂಪನಿ ಕೊಂಬೇ ಬಾರದ ಹಾಗೆ ಜೀನ್ ತಿದ್ದಿ ಎರಡು ಹೋರಿ ಹುಟ್ಟಿಸಿತು. ಕರುವಿನ ಕೊಂಬು ಸುಡೋ ಹಿಂಸೆ ತಪ್ಪಲಿ ಅನ್ನೋ ಸದುದ್ದೇಶ. ಎಲ್ಲರೂ ಮೆಚ್ಚಿಕೊಂಡರು. 2019ರಲ್ಲಿ ಎಫ್‌ಡಿಎ ವಿಜ್ಞಾನಿಗಳು ಅದೇ ದನದ ಡಿಎನ್‌ಎ ಮಾಹಿತಿಯನ್ನ ಮತ್ತೆ ಜಾಲಾಡಿದಾಗ ಏನು ಸಿಕ್ಕಿತು ಗೊತ್ತಾ? ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕು, ಅದರ ಜೊತೆಗೆ ಆಂಟಿಬಯೋಟಿಕ್‌ಗೆ ಬಗ್ಗದ ಜೀನ್. ಯಾರೂ ಬೇಕಂತ ಇಟ್ಟಿದ್ದಲ್ಲ. ತಿದ್ದೋಕೆ ಬಳಸಿದ ಸಲಕರಣೆಯೇ ಒಳಗೆ ಉಳಿದುಹೋಗಿತ್ತು. ಅದರಿಂದ ಪ್ರಾಣಿಗೆ ತೊಂದರೆ ಆಯ್ತು ಅಂತ ಯಾರೂ ಹೇಳಿಲ್ಲ. ಆದರೆ ಮಾಡಿದವರ ಕಣ್ಣಿಗೇ ಕಾಣದ್ದು ಸರ್ಕಾರದ ವಿಜ್ಞಾನಿಗೆ ಕಂಡಿತು. ಆ ಎರಡನೇ ಜೊತೆ ಕಣ್ಣು ಇಲ್ಲದೇ ಹೋಗಿದ್ದರೆ? ನೀರಲ್ಲಿ ಮುಳುಗಿರೋ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಿದ ಹಾಗೆ ಆಗ್ತಿತ್ತು.

ಕುದುರೆ ಕಥೆ ಕೇಳಿ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಕಾಲದ್ದು ಅಂತಾರೆ. ಆ ಜಾಗ ಮುಂದೆ ಏನಾಗಬೇಕು ಅನ್ನೋ ಜಗಳ ಬೇರೆ ದಿನ ಮಾತಾಡೋಣ. ಅಲ್ಲಿ ಸಾಕಿದ್ದು ಥರೋಬ್ರೆಡ್ ರೇಸ್ ಕುದುರೆ. ಆ ಕುಲಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಗಂಡು ಹೆಣ್ಣು ಸಹಜವಾಗಿ ಸೇರಿ ಹುಟ್ಟಿದ ಮರಿಗೆ ಮಾತ್ರ ವಂಶಾವಳಿ ಪುಸ್ತಕದಲ್ಲಿ ಹೆಸರು. ಕೃತಕ ಗರ್ಭಧಾರಣೆ ಕೂಡದು, ಕ್ಲೋನ್ ಕೂಡದು, ಜೀನ್ ತಿದ್ದುಪಡಿ ಕೂಡಲೇ ಕೂಡದು. ತಂದೆತಾಯಿ ಯಾರು ಅಂತ ಡಿಎನ್‌ಎ ಪರೀಕ್ಷೆ ಬೇರೆ. ನಮ್ಮ ಹಳ್ಳಿ ಹಸುವಿಗೆ ಇಂಜೆಕ್ಷನ್ ಸಾಕು, ಶ್ರೀಮಂತರ ಕುದುರೆಗೆ ಇಷ್ಟು ಮಡಿ! ಆದರೂ 2024ರ ಕೊನೆಯಲ್ಲಿ ಅರ್ಜೆಂಟೀನಾದಲ್ಲಿ ಪ್ರಶಸ್ತಿ ಗೆದ್ದ ಪೋಲೊ ಕುದುರೆಯೊಂದನ್ನ ಕ್ಲೋನ್ ಮಾಡಿ, ಮೇಲೆ ಅದೇ ಮಯೋಸ್ಟಾಟಿನ್ ಜೀನ್ ತಿದ್ದಿ ಐದು ಮರಿ ಹುಟ್ಟಿಸಿದರು. ಅಲ್ಲಿನ ಪೋಲೊ ಸಂಘ ಇಂಥ ಕುದುರೆಗೆ ಮೈದಾನದ ಬಾಗಿಲು ಹಾಕಿತು.

ಯಾಕೆ ಹಾಕಿತು? ಆಟ ಹಾಳಾಗುತ್ತೆ ಅಂತ. ತಲೆಮಾರುಗಳಿಂದ ತಳಿ ಆರಿಸಿ ಸಾಕಿದವರ ಅನ್ನ ಹೋಗುತ್ತೆ ಅಂತ. ಸರಿಯಾದ ಪ್ರಶ್ನೆಯೇ. ಕೋಟ್ಯಧಿಪತಿಗಳ ಕುದುರೆ ವಿಷಯಕ್ಕೆ ಬಂದರೆ ವಂಶಾವಳಿ ಇದೆ, ಸಂಘ ಇದೆ, ನಿಯಮ ಇದೆ, ವಕೀಲರಿದ್ದಾರೆ. ಕುಣಿಗಲ್ಲಿನ ಮೈಸೂರು ತಳಿ ಹುಳು ಸಾಕೋ ಹೆಣ್ಣುಮಗಳ ಪರವಾಗಿ ಈ ಪ್ರಶ್ನೆ ಕೇಳೋರು ಯಾರು?

ಒಂದು ವಾದ ಇದೆ. ರೇಷ್ಮೆ ಚಿಟ್ಟೆ ಹಾರಲ್ಲ. ಮನುಷ್ಯ ಮೇವು ಹಾಕದೆ ಹುಳು ಬದುಕಲ್ಲ. ಹಾಗಾಗಿ ಕುಲಾಂತರಿ ಹುಳು ಕಾಡಿಗೆ ಸೇರಿ ಅನಾಹುತ ಮಾಡೋ ಭಯ ಕಮ್ಮಿ ಅಂತ. ಒಪ್ಪಬೇಕಾದ ವಾದ. ನುಸಿ, ಮೀನುಗಳಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಆದರೆ ಚಿಟ್ಟೆ ಹಾರದಿದ್ದರೇನು, ಮೊಟ್ಟೆ ಹಾಳೆ ಬಸ್ಸು ಹತ್ತುತ್ತೆ. ಊಜಿ ನೊಣದ ಕಥೆ ಹಿರಿಯರಿಗೆ ನೆನಪಿರಬೇಕು. 1980ಕ್ಕೆ ಮುಂಚೆ ಕರ್ನಾಟಕದಲ್ಲಿ ಅದರ ಕಾಟ ಇರಲಿಲ್ಲ. ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಬಂತು. ಯಾರೂ ಬೇಕಂತ ತಂದಿದ್ದಲ್ಲ. ಇವತ್ತಿಗೂ ಹುಳುಮನೆ ಕಿಟಕಿಗೆ ಬಲೆ ಕಟ್ಟಿಕೊಂಡೇ ಕೂತಿದ್ದೀವಿ. ಇನ್ನೊಂದು, ಹತ್ತಿಯದು. ಬಿಟಿ ಹತ್ತಿಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2002ರ ಮಾರ್ಚಿನಲ್ಲಿ. ಅದಕ್ಕೂ ಮೊದಲೇ, 2001ರಲ್ಲೇ, ಗುಜರಾತಿನ ಹೊಲಗಳಲ್ಲಿ ಒಪ್ಪಿಗೆ ಇಲ್ಲದ ಬಿಟಿ ಹತ್ತಿ ಬೆಳೆದು ನಿಂತಿತ್ತು. ಕಾನೂನು ನಡೆದುಕೊಂಡು ಬರುತ್ತೆ, ಬೀಜ ಲಾರಿಯಲ್ಲಿ ಬರುತ್ತೆ.

ಹಾಲುತೊಂಡೆ ಬರದ ಹುಳು ಇದೆ ಅಂತ ಸುದ್ದಿ ಹಬ್ಬಿದರೆ, ಎರಡು ಬೆಳೆ ಕಳಕೊಂಡ ರೈತ ಕಾಯ್ತಾನಾ? ಕಾಯಲ್ಲ. ಕಾಯಬೇಕು ಅಂತ ಏಸಿ ಸ್ಟುಡಿಯೋದಲ್ಲಿ ಕೂತು ಹೇಳೋಕೆ ನನಗೂ ಹಕ್ಕಿಲ್ಲ. ಕಳ್ಳದಾರಿಯಲ್ಲಿ ಬಂದ ಮೊಟ್ಟೆ ಬಿತ್ತನೆ ಸೀಮೆಗೆ ಸೇರಿದರೆ, ಶುದ್ಧ ಮೈಸೂರು ತಳಿ ಯಾವುದು, ಬೆರಕೆ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಇದು ಹೆದರಿಸೋಕೆ ಹೇಳ್ತಿರೋ ಮಾತಲ್ಲ. ತಯಾರಿ ಮಾಡ್ಕೊಳ್ಳಿ ಅಂತ ಹೇಳ್ತಿರೋದು.

ಕಾನೂನು ಇಲ್ವಾ? ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರ ಕೆಳಗೆ 1989ರ ನಿಯಮ, ಮೇಲೆ ಕೂರೋಕೆ ದಿಲ್ಲಿಯಲ್ಲಿ ಜಿಇಎಸಿ ಸಮಿತಿ. ಆದರೆ 2022ರ ಮಾರ್ಚಿನಲ್ಲಿ, ಹೊರಗಿನ ಜೀನ್ ಉಳಿಯದ ಕೆಲವು ಬಗೆಯ ತಿದ್ದುಪಡಿ ಸಸ್ಯಗಳಿಗೆ ಆ ನಿಯಮಗಳಿಂದ ವಿನಾಯಿತಿ ಕೊಟ್ಟರು. 2025ರ ಮೇನಲ್ಲಿ ಎರಡು ತಿದ್ದುಪಡಿ ಭತ್ತದ ತಳಿ ಘೋಷಣೆ ಆಯ್ತು. ಆ ವಿನಾಯಿತಿ ಗಿಡಕ್ಕೆ ಮಾತ್ರ. ನಾಳೆ ಕುರಿಗೂ ಕೊಡಿ, ಹಸುವಿಗೂ ಕೊಡಿ ಅಂತ ಕೇಳೋರು ಬಂದೇ ಬರ್ತಾರೆ. ಆಗ ನಾವು ಎಲ್ಲಿರ್ತೀವಿ?

ಬಿಟಿ ಬದನೆ ಗಲಾಟೆ ಜ್ಞಾಪಿಸಿಕೊಳ್ಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಉಡುಪಿಯ ಗುಳ್ಳಕ್ಕೂ ಬಿಟಿ ಜೀನ್ ಸೇರಿಸಿತ್ತು. ಕೇಂದ್ರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಜನರ ಮುಂದೆ ಕೂತರು. ಬೆಂಗಳೂರಿನಲ್ಲಿ ಕೂತದ್ದು 2010ರ ಫೆಬ್ರವರಿ 6ಕ್ಕೆ. ಬೈದರು, ಕೂಗಾಡಿದರು, ಪರವಾಗಿಯೂ ಮಾತಾಡಿದರು. ಮೂರನೇ ದಿನಕ್ಕೆ ತಡೆ ಬಿತ್ತು. ತಡೆ ಸರಿಯೋ ತಪ್ಪೋ ನೀವು ವಾದ ಮಾಡಿ. ಆದರೆ ಕೇಳಿದರಲ್ಲ, ಅದು ಸರಿ.

ಹಾಗೆಯೇ ಹೆಬ್ಬೂರಿನಲ್ಲಿ, ಕುಣಿಗಲ್ಲಿನಲ್ಲಿ ಕೂತು ಕೇಳಿ ಅನ್ನೋದು ನನ್ನ ಬೇಡಿಕೆ. ಕನ್ನಡದಲ್ಲಿ ಕೇಳಿ. ಹುಳು ಬರೋಕೆ ಮುಂಚೆ ಕೇಳಿ. ಶುದ್ಧ ಮೈಸೂರು ತಳಿಯನ್ನ ಸರ್ಕಾರದ ಸುಪರ್ದಿಯಲ್ಲಿ ಬೇರೆಯಾಗಿ ಕಾದಿಡಿ. ಕುಲಾಂತರಿ ಹುಳು ಗೆದ್ದರೆ ಅದರ ಬಿತ್ತನೆ ಸರ್ಕಾರಿ ಬಿತ್ತನೆ ಕೋಠಿಯ ಮೂಲಕವೇ ಬರಲಿ. ಸಾರ್ವಜನಿಕರ ದುಡ್ಡಿನಲ್ಲಿ, ಸರ್ಕಾರಿ ಲ್ಯಾಬಿನಲ್ಲಿ ಹುಟ್ಟಿದ ವಿದ್ಯೆ ಅದು. ಅದಕ್ಕೆ ರಾಯಲ್ಟಿ ಕೇಳೋ ಮಧ್ಯವರ್ತಿ ಬೇಡ. ಬೆಳೆ ಕೈಕೊಟ್ಟರೆ ನಷ್ಟ ಯಾರು ತುಂಬಿಕೊಡ್ತಾರೆ ಅಂತ ಮೊದಲೇ ಬರೆದುಕೊಡಲಿ.

ಇನ್ನು ಕಣ್ಣಿನ ಮಾತು. ಕಾಣದ್ದನ್ನ ನೋಡೋಕೆ ನಮಗೆ ಬರಲ್ವಾ? ಬರುತ್ತೆ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಬರುತ್ತೆ, ಕಣ್ಣಿಗೆ ಕಾಣಲ್ಲ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1860ರ ದಶಕದಲ್ಲಿ ಉಪಾಯ ಹೇಳಿಕೊಟ್ಟರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಆ ಮೊಟ್ಟೆ ಸುಟ್ಟುಬಿಡಿ ಅಂತ. ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ಸಿಬ್ಬಂದಿ ಅದನ್ನೇ ಮಾಡ್ತಾರೆ. ರೈತನಿಗೆ ಸೂಕ್ಷ್ಮದರ್ಶಕ ಇಲ್ಲ, ಅವನ ಪರವಾಗಿ ಕೋಠಿ ನೋಡುತ್ತೆ. ಅವನು ನಂಬಿ ಮೊಟ್ಟೆ ಒಯ್ಯುತ್ತಾನೆ. ಅದೇ ಕೋಠಿಗೆ ಒಂದು ಡಿಎನ್‌ಎ ಪರೀಕ್ಷೆಯ ಸೌಲಭ್ಯ ಕೊಡಿ, ಓದಿದ ಹುಡುಗರನ್ನ ಕೆಲಸಕ್ಕೆ ತಗೊಳ್ಳಿ, ಖಾಲಿ ಹುದ್ದೆ ತುಂಬಿ. ಹೆಲಿಕಾಪ್ಟರ್ ಕಟ್ಟೋ ಜಿಲ್ಲೆಗೆ ಇದು ದೊಡ್ಡ ಮಾತಲ್ಲ.

ಸುಳಿ ನೋಡೋ ಕಾಲ ಹೋಯ್ತು ಅಂತ ನಾನು ಒಪ್ಪಲ್ಲ. ಸುಳಿ ಒಳಗೆ ಹೋಗಿದೆ, ಅಷ್ಟೇ. ಅದನ್ನ ನೋಡೋ ಕನ್ನಡಕ ಕಂಪನಿಯ ಜೇಬಿನಲ್ಲಿರಬೇಕೋ, ಬಿತ್ತನೆ ಕೋಠಿಯ ಮೇಜಿನ ಮೇಲಿರಬೇಕೋ ಅನ್ನೋದನ್ನ ನಾವು ಈಗಲೇ ತೀರ್ಮಾನ ಮಾಡಬೇಕು. ಮುಂದಿನ ಸಲ ನಿಮ್ಮ ಶಾಸಕರು ಓಟು ಕೇಳೋಕೆ ಬಂದಾಗ, ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಒಂದು ಮಾತು ಕೇಳಿ. ಗೊತ್ತಿಲ್ಲ ಅಂದರೆ, ತಿಳ್ಕೊಂಡು ಬನ್ನಿ ಅಂತ ಹೇಳಿ ಕಳಿಸಿ.